ಪ್ರೇಮಪತ್ರಕ್ಕೆ ಎರವಲು ಮಾತು

ಪ್ರಶ್ನೆ: ನಾನು ಪ್ರೀತಿಸುವ ಹುಡುಗಿ ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮದಲ್ಲಿ. ಮನಸ್ಸಿನಲ್ಲಿರುವುದನ್ನು ಇಂಗ್ಲಿಷಿನಲ್ಲೇ ಬರೆದು ತಿಳಿಸೋಣ ಅಂತಿದ್ದೇನೆ. ಪ್ರೀತಿಯ ಬಗ್ಗೆ ಒಂದಷ್ಟು ಒಳ್ಳೆಯ ನುಡಿಗಟ್ಟು ಹೇಳಿಕೊಡಿ ಮೇಡಂ.

ಉತ್ತರ: ಪಟ್ಟಿ ಕೊಡುವುದು ಸುಲಭ. ನೀವು ಅದನ್ನು ಹಾಗೇ ಪತ್ರಕ್ಕೆ ಸುರಿದುಬಿಡುತ್ತೀರಲ್ಲ, ಅದೇ ನನ್ನ ಭಯ. ಪಾಠ ಮಾಡುತ್ತಿದ್ದ ಕಾಲದಲ್ಲಿ ನೋಟ್‌ಬುಕ್ಕುಗಳ ನಡುವೆ ಇಂಥ ಚೀಟಿಗಳು ಸಿಗುತ್ತಿದ್ದವು. ಸ್ಪೆಲಿಂಗ್ ತಿದ್ದಿ ವಾಪಸ್ ಕೊಡುವ ಆಸೆಯನ್ನು ಬಹಳ ಕಷ್ಟಪಟ್ಟು ತಡೆದುಕೊಂಡಿದ್ದೇನೆ.

ಇಂಗ್ಲಿಷಿನ ಪ್ರೇಮದ ನುಡಿಗಟ್ಟುಗಳಲ್ಲಿ ಹೆಚ್ಚಿನವು ಪ್ರೀತಿಸಿದವರ ಎದುರು ಆಡುವಂಥವಲ್ಲ. ಅವರ ಬಗ್ಗೆ ಗೆಳೆಯರ ಹತ್ತಿರ ಆಡಿಕೊಳ್ಳುವಂಥವು. 'ಪಾಪ್ ದ ಕ್ವೆಶ್ಚನ್' ಅಂದರೆ ಮದುವೆಯಾಗುತ್ತೀಯಾ ಎಂದು ಕೇಳುವುದು. ಅದನ್ನೇ ಅವಳಿಗೆ ಬರೆದರೆ, ಕೇಳುವುದು ಬಿಟ್ಟು ಕೇಳಲಿದ್ದೇನೆಂದು ವರದಿ ಒಪ್ಪಿಸಿದಂತೆ. 'ಟೈ ದ ನಾಟ್' ಕೂಡ ಸುದ್ದಿಯ ಮಾತೇ: ಇಂಥವರ ಮದುವೆಯಾಯಿತು, ಅಷ್ಟೆ. 'ಕ್ಯಾರಿ ಎ ಟಾರ್ಚ್' ಎಂಬುದಂತೂ ಬೇಡವೇ ಬೇಡ. ಮರಳಿ ಸಿಗದ ಪ್ರೀತಿಯನ್ನು ಒಬ್ಬರೇ ಹೊತ್ತು ತಿರುಗುವವರ ಬಗ್ಗೆ ಹೇಳುವ ಮಾತದು. ಅವಳ ಉತ್ತರ ಬರುವ ಮೊದಲೇ ಸೋತೆ ಎನ್ನುವುದೇಕೆ?

'ವೇರ್ ಯುವರ್ ಹಾರ್ಟ್ ಆನ್ ಯುವರ್ ಸ್ಲೀವ್' ಎಂದರೆ ಒಳಗಿನದನ್ನು ಮುಚ್ಚಿಡದೆ ತೋರಿಸಿಕೊಳ್ಳುವುದು. ಬಹಳ ಜನಕ್ಕೆ ಇಷ್ಟ. ಆದರೆ ಶೇಕ್ಸ್‌ಪಿಯರ್‌ನ 'ಒಥೆಲೋ' ನಾಟಕದ ಮೊದಲ ದೃಶ್ಯದಲ್ಲೇ ಈ ಮಾತು ಬರುವುದು ಇಯಾಗೋನ ಬಾಯಲ್ಲಿ. ಹಾಗೆ ಹೃದಯವನ್ನು ತೋಳಿನ ಮೇಲಿಟ್ಟುಕೊಂಡರೆ ಹಕ್ಕಿಗಳು ಕುಕ್ಕಿ ತಿಂದಾವು, ನಾನು ಹೊರಗೆ ಕಾಣುವ ಹಾಗೆ ಒಳಗಿಲ್ಲ ಎನ್ನುತ್ತಾನೆ ಆ ಮೋಸಗಾರ. ಅವಳು ನಾಟಕ ಓದಿದವಳಾಗಿದ್ದರೆ?

ಸರಿ, ನಿರಾಸೆ ಮಾಡುವುದಿಲ್ಲ. 'ಯೂ ಮೀನ್ ದ ವರ್ಲ್ಡ್ ಟು ಮಿ' ಎಂದು ಬರೆಯಿರಿ. ನೀನೇ ನನಗೆ ಎಲ್ಲ ಎಂದು ನೇರವಾಗಿ ಅವಳಿಗೇ ಹೇಳಿದಂತಾಗುತ್ತದೆ. 'ಹೆಡ್ ಓವರ್ ಹೀಲ್ಸ್' ಕೂಡ ನಡೆಯುತ್ತದೆ, ಪ್ರೀತಿಯಲ್ಲಿ ತಲೆಕೆಳಗಾಗಿದ್ದೇನೆ ಎಂದು. (ತಲೆ ಹಿಮ್ಮಡಿಗಿಂತ ಮೇಲಿರುವುದು ಸಹಜವೇ ತಾನೆ! ಮೊದಲು 'ಹೀಲ್ಸ್ ಓವರ್ ಹೆಡ್' ಎಂದೇ ಇತ್ತು, 18ನೇ ಶತಮಾನದಲ್ಲಿ ತಿರುಗುಮುರುಗಾಯಿತು.) ಎರಡರಲ್ಲಿ ಒಂದು ಸಾಕು. ಉಳಿದದ್ದು ನಿಮ್ಮ ಮಾತೇ ಇರಲಿ, ವ್ಯಾಕರಣ ತಪ್ಪಿದರೂ ಪರವಾಗಿಲ್ಲ.

ಪ್ರಶ್ನೆ: ಜೇನ್ ಆಸ್ಟಿನ್ ಅವರ 'ಎಮ್ಮಾ' ಓದುತ್ತಿದ್ದೇನೆ. ಗಾಡಿಯಲ್ಲಿ ಎಲ್ಟನ್ ಎಂಬವನು ನಾಯಕಿಗೆ 'ಮೇಕಿಂಗ್ ವಯಲೆಂಟ್ ಲವ್' ಎಂದಿದೆ. ಓದಿ ಗಾಬರಿಯಾಯಿತು.

ಉತ್ತರ: ಗಾಬರಿ ಬೇಡಮ್ಮ. ಈ ಕಾದಂಬರಿ ಹೊರಬಂದ 1815ರಲ್ಲಿ 'ಮೇಕ್ ಲವ್' ಎಂದರೆ ಪ್ರೇಮ ನಿವೇದನೆ, ಓಲೈಕೆ. ಆ ಮಹಾಶಯ ಎಮ್ಮಾಳ ಕೈ ಹಿಡಿದು ಆವೇಶದಿಂದ ಮಾತಾಡುತ್ತಾನೆ, ಅಷ್ಟೆ. ಈಗ ನಾವೆಲ್ಲ ತಿಳಿಯುವ ಅರ್ಥ ಬಳಕೆಯಲ್ಲಿ ಗಟ್ಟಿಯಾದದ್ದು 20ನೇ ಶತಮಾನದಲ್ಲಿ. ಹಾಗಾಗಿ ಹಳೆಯ ಕಾದಂಬರಿಯಿಂದ ಹೆಕ್ಕಿಕೊಂಡ ಆ ಮಾತನ್ನು ಇಂದು ಯಾರಿಗೂ ಬರೆಯಬೇಡಿ.

ಪ್ರಶ್ನೆ: ಹೆಂಡತಿಯನ್ನು 'ಆ್ಯಪಲ್ ಆಫ್ ಮೈ ಐ' ಎನ್ನಬಹುದೆ?

ಉತ್ತರ: ಧಾರಾಳವಾಗಿ. ಹಿಂದೆ ಇಂಗ್ಲಿಷಿನಲ್ಲಿ ಕಣ್ಣಪಾಪೆಗೆ ಹಾಗೆನ್ನುತ್ತಿದ್ದರು. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲೂ ಈ ಮಾತಿದೆ. ನಮ್ಮ 'ಕಣ್ಮಣಿ'ಯ ಹಾಗೆಯೇ. ಈಗ ಮಾತ್ರ ಹೆಚ್ಚಾಗಿ ಮಕ್ಕಳು, ಮೊಮ್ಮಕ್ಕಳಿಗೆ ಹೇಳುತ್ತಾರೆ. ಮಗಳು ಪಕ್ಕದಲ್ಲಿದ್ದರೆ ತನಗೇ ಅಂದುಕೊಂಡಾಳು.