ಶಿಕಾಗೊದಿಂದ ಅಂಚೆಯಲ್ಲಿ ಬಂದ ಮಾಂತ್ರಿಕ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಳೆಯ ಪುಸ್ತಕಗಳ ನಡುವೆ ಎಲ್. ಡಬ್ಲ್ಯು. ಡಿ ಲಾರೆನ್ಸ್ ಎಂಬಾತನ ಒಂದು ದಪ್ಪ ಇಂಗ್ಲಿಷ್ ಗ್ರಂಥ ಸಿಕ್ಕಿದೆ. ಹೆಸರಿನಲ್ಲೇ ‘ಹಿಂದೂ ಮ್ಯಾಜಿಕ್’ ಎಂದಿದೆ. ಅದರಲ್ಲಿರುವುದು ನಮ್ಮ ತಂತ್ರಶಾಸ್ತ್ರವೇ?

ಉತ್ತರ: ಅಲ್ಲ. ಹೆಸರು ಮಾತ್ರ ಹಿಂದೂ, ಒಳಗಿನ ಸರಕು ಹೆಚ್ಚಾಗಿ ಲಂಡನ್ನಿನದು. ಡಿ ಲಾರೆನ್ಸ್ (1868–1936) ಅಮೆರಿಕದ ಒಹಾಯೊ ರಾಜ್ಯದಲ್ಲಿ ಹುಟ್ಟಿ, ಶಿಕಾಗೊದಲ್ಲಿ ‘ಡಿ ಲಾರೆನ್ಸ್, ಸ್ಕಾಟ್ ಅಂಡ್ ಕಂಪನಿ’ ನಡೆಸಿದವನು. ನಿಮ್ಮ ಕೈಯಲ್ಲಿರುವ ಗ್ರಂಥದ ಬಹುಭಾಗ ಫ್ರಾನ್ಸಿಸ್ ಬ್ಯಾರೆಟ್ 1801ರಲ್ಲಿ ಲಂಡನ್ನಿನಲ್ಲಿ ಹೊರತಂದ ‘ದಿ ಮೇಗಸ್’ನಿಂದ ಬಂದದ್ದು. ಬ್ಯಾರೆಟ್ ಕೂಡ ಅದನ್ನು ಅಗ್ರಿಪ್ಪ ಎಂಬ ಜರ್ಮನ್ ಪಂಡಿತನ ಗ್ರಂಥದ 1651ರ ಇಂಗ್ಲಿಷ್ ಅನುವಾದದಿಂದ ಎತ್ತಿಕೊಂಡಿದ್ದ.

ಇದನ್ನು ನೀವೇ ಪರೀಕ್ಷಿಸಬಹುದು. ಪುಸ್ತಕದಲ್ಲಿ ಗ್ರಹಗಳ ಅಂಕಚೌಕಗಳನ್ನು, ಎಂದರೆ ಯಾವ ಸಾಲನ್ನು ಕೂಡಿದರೂ ಒಂದೇ ಮೊತ್ತ ಬರುವ ಚೌಕಗಳನ್ನು, ಹುಡುಕಿ. ಅಗ್ರಿಪ್ಪನ ಪದ್ಧತಿಯಲ್ಲಿ ಶನಿಗೆ ಸಾಲಿಗೆ ಮೂರು ಮನೆಯ ಚೌಕ, ಸಾಲಿನ ಮೊತ್ತ 15; ಗುರುವಿಗೆ ಸಾಲಿಗೆ ನಾಲ್ಕು ಮನೆ, ಮೊತ್ತ 34; ಕುಜನಿಗೆ ಸಾಲಿಗೆ ಐದು ಮನೆ, ಮೊತ್ತ 65. ಗ್ರಹ ಬದಲಾದಂತೆ ಚೌಕವೇ ದೊಡ್ಡದಾಗುತ್ತದೆ. ನಮ್ಮ ನವಗ್ರಹ ಯಂತ್ರಗಳಲ್ಲಿ ಹಾಗಲ್ಲ. ಒಂಬತ್ತು ಗ್ರಹಗಳಿಗೂ ಸಾಲಿಗೆ ಮೂರರಂತೆ ಒಟ್ಟು ಒಂಬತ್ತೇ ಮನೆ, ಸಾಲಿನ ಮೊತ್ತ ಮಾತ್ರ ಮೂರುಮೂರರಂತೆ ಏರುತ್ತದೆ: ರವಿಗೆ 15, ಚಂದ್ರನಿಗೆ 18, ಕುಜನಿಗೆ 21, ಹೀಗೇ ಕೇತುವಿಗೆ 39. ಹದಿನೈದರ ಚೌಕ ಶನಿಯ ಹೆಸರಿನಲ್ಲಿದ್ದರೆ ಅದು ಯೂರೋಪಿನ ದಾರಿಯಲ್ಲಿ ಬಂದದ್ದು. ನಮ್ಮಲ್ಲಿ ಅದು ಸೂರ್ಯಯಂತ್ರ, ಶನಿಗೆ 33.

ಪ್ರಶ್ನೆ: ಇಂಗ್ಲಿಷಿನಲ್ಲಿ ಯೋಗದ ಪುಸ್ತಕಗಳನ್ನು ಬರೆದ ಯೋಗಿ ರಾಮಚರಕ ಎಂದರೂ ಈತನೇ ಅಲ್ಲವೇ?

ಉತ್ತರ: ಅಲ್ಲ, ಆತ ವಿಲಿಯಂ ವಾಕರ್ ಅಟ್ಕಿನ್ಸನ್ (1862–1932). ಊರು ಅದೇ ಶಿಕಾಗೊ, ಕಾಲವೂ ಅದೇ, ಆದ್ದರಿಂದಲೇ ಈ ಗೊಂದಲ. ಅಟ್ಕಿನ್ಸನ್ ಕಲ್ಪಿತ ಹೆಸರಿಟ್ಟುಕೊಂಡು ತಾನೇ ಬರೆದ. ಡಿ ಲಾರೆನ್ಸ್ ಹೆಚ್ಚಾಗಿ ಬೇರೆಯವರು ಬರೆದದ್ದಕ್ಕೆ ತನ್ನ ಹೆಸರು ಹಾಕಿದ.

ಪ್ರಶ್ನೆ: ಬೇರೆಯವರ ಪುಸ್ತಕವನ್ನು ಹೀಗೆ ಅಚ್ಚು ಹಾಕಿದರೆ ಕೇಸು ಆಗಲಿಲ್ಲವೇ?

ಉತ್ತರ: ಅಮೆರಿಕದ ಅಂದಿನ ಕಾನೂನೇ ಅವನಿಗೆ ಬಾಗಿಲು ತೆರೆದಿಟ್ಟಿತ್ತು. 1891ರ ಕಾಯ್ದೆಯಂತೆ, ವಿದೇಶಿ ಲೇಖಕನ ಪುಸ್ತಕಕ್ಕೆ ಅಲ್ಲಿ ಕೃತಿಸ್ವಾಮ್ಯ ಸಿಗಬೇಕಾದರೆ ಅಚ್ಚುಮೊಳೆಗಳನ್ನು ಅಮೆರಿಕದಲ್ಲೇ ಜೋಡಿಸಬೇಕಿತ್ತು. 1909ರ ಕಾಯ್ದೆ ಮುದ್ರಣವನ್ನೂ ಬೈಂಡಿಂಗನ್ನೂ ಸೇರಿಸಿತು. ವಿದೇಶದಲ್ಲಿ ಬಂದ ಇಂಗ್ಲಿಷ್ ಪುಸ್ತಕಕ್ಕೆ ಕೊಟ್ಟ ರಿಯಾಯಿತಿ ಇಷ್ಟೇ: ಪ್ರಕಟವಾದ 30 ದಿನದೊಳಗೆ ವಾಷಿಂಗ್ಟನ್ನಿನಲ್ಲಿ ಒಂದು ಪ್ರತಿ ಒಪ್ಪಿಸಿದರೆ ಇನ್ನು 30 ದಿನದ ರಕ್ಷಣೆ; ಅಷ್ಟರಲ್ಲಿ ಅಲ್ಲಿಯೇ ಅಚ್ಚಾಗಬೇಕು. ಸಣ್ಣ ಓದುಗವರ್ಗದ ಗೂಢವಿದ್ಯೆಯ ಪುಸ್ತಕಕ್ಕೆ ಎರಡೆರಡು ದೇಶಗಳಲ್ಲಿ ಮೊಳೆ ಜೋಡಿಸುವ ಖರ್ಚು ಯಾರು ಹೊರುತ್ತಾರೆ?

ಹೀಗಾಗಿ ಇಂಗ್ಲೆಂಡಿನ ಗೂಢವಿದ್ಯೆಯ ಲೇಖಕರಾದ ಮ್ಯಾಥರ್ಸ್ ಅನುವಾದಿಸಿ, ಕ್ರೌಲಿ 1904ರಲ್ಲಿ ಪ್ರಕಟಿಸಿದ ‘ಗೊಯೆಟಿಯ’ ಎಂಬ ಭೂತಾವಾಹನೆಯ ಗ್ರಂಥ 1916ರಲ್ಲಿ ಡಿ ಲಾರೆನ್ಸ್ ಹೆಸರಿನಲ್ಲಿ ಬಂತು. ಎ. ಇ. ವೇಟ್ ಬರೆದ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರಗಳಿದ್ದ ಟ್ಯಾರೋ (ಭವಿಷ್ಯ ಹೇಳಲು ಬಳಸುವ ಚಿತ್ರದ ಎಲೆಗಳು) ಕೈಪಿಡಿಯ ಹೆಸರಿನಲ್ಲಿ ‘ಪಿಕ್ಟೋರಿಯಲ್’ ಹೋಗಿ ‘ಇಲಸ್ಟ್ರೇಟೆಡ್’ ಬಂತು. 1918ರಲ್ಲಿ ಅದೂ ಅವನದಾಯಿತು. ಮರುಮುದ್ರಣಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ, ನಿಜ. ಆದರೆ ದುಡಿದವರ ಹೆಸರನ್ನು ಶೀರ್ಷಿಕೆ ಪುಟದಿಂದ ತೆಗೆದುಹಾಕಿದ್ದನ್ನು ನಾವು ಕಳ್ಳತನವೆಂದೇ ಕರೆಯುತ್ತೇವೆ. ಇಂಥ ಪ್ರತಿಯಿಂದ ಉಲ್ಲೇಖಿಸುವಾಗ ದಯವಿಟ್ಟು ಮೂಲ ಲೇಖಕರ ಹೆಸರನ್ನೇ ಬರೆಯಿರಿ.

ಪ್ರಶ್ನೆ: ಜಮೈಕಾದಲ್ಲಿ ಈತನ ಪುಸ್ತಕಗಳಿಗೆ ನಿಷೇಧವಿದೆಯಂತೆ. ಅಷ್ಟು ದೂರಕ್ಕೆ ಹೇಗೆ ಮುಟ್ಟಿದವು?

ಉತ್ತರ: ಕ್ಯಾಟಲಾಗಿನಿಂದ. ಪುಸ್ತಕ, ಉಂಗುರ, ತಾಯತ, ಧೂಪ, ಸ್ಫಟಿಕದ ಗೋಳ ಎಲ್ಲಕ್ಕೂ ಅದರಲ್ಲಿ ಬೆಲೆ ಹಾಕಿರುತ್ತಿತ್ತು. ಹಣ ಕಳಿಸಿದರೆ ಪಾರ್ಸೆಲ್ ಬರುತ್ತಿತ್ತು. ಅಂಚೆ ವ್ಯಾಪಾರಕ್ಕೆ ಶಿಕಾಗೊ ಆಗಲೇ ಹೆಸರಾಗಿತ್ತು. ಅಮೆರಿಕದಲ್ಲಿ ಪಾರ್ಸೆಲ್ ಅಂಚೆ 1913ರ ಜನವರಿ 1ರಂದು ಶುರುವಾಯಿತು, ಮರುವರ್ಷ ಪುಸ್ತಕಗಳೂ ಅದರ ವ್ಯಾಪ್ತಿಗೆ ಬಂದವು.

ಜಮೈಕಾದಲ್ಲಿ ಅತಿ ಹೆಚ್ಚು ಹೆಸರು ಮಾಡಿದ್ದು ‘ಮೋಶೆಯ ಆರನೆಯ ಮತ್ತು ಏಳನೆಯ ಪುಸ್ತಕಗಳು’. ಜರ್ಮನಿಯ ಷ್ಟುಟ್‌ಗಾರ್ಟಿನಲ್ಲಿ 1849ರಲ್ಲಿ ಅಚ್ಚಾಗಿದ್ದ ಮಂತ್ರ-ಮುದ್ರೆಗಳ ಸಂಗ್ರಹ ಅದು. ಬೈಬಲಿನಲ್ಲಿ ಮೋಶೆಯವು ಐದೇ ಪುಸ್ತಕ. ಬೈಬಲನ್ನು ಬಾಯಿಪಾಠ ಮಾಡಿದ ಜನಕ್ಕೆ, ಬಚ್ಚಿಟ್ಟಿದ್ದ ಇನ್ನೆರಡು ಸಿಕ್ಕಿವೆ ಎಂದರೆ ಅದು ಹೊರಗಿನ ಮಾಟವಾಗಿ ಕಾಣಲಿಲ್ಲ, ತಮ್ಮದೇ ಗ್ರಂಥದ ಮುಂದಿನ ಭಾಗವಾಗಿ ಕಂಡಿತು. ಓಬಿಯಾ ಎಂಬ ಅಲ್ಲಿನ ಮಂತ್ರವಿದ್ಯೆಯ ಜೊತೆಗೆ ಅದು ಸುಲಭವಾಗಿ ಬೆರೆಯಿತು. ಓಬಿಯಾ ಮಾಡುವುದು 1898ರ ಕಾಯ್ದೆಯ ಪ್ರಕಾರ ಅಪರಾಧ. 1940ರಲ್ಲಿ ವಸಾಹತು ಸರ್ಕಾರ ಈ ಕಂಪನಿಯ ಮಾಂತ್ರಿಕ ಪ್ರಕಟಣೆಗಳ ಆಮದನ್ನೂ ನಿಷೇಧಿಸಿತು. ಸ್ವಾತಂತ್ರ್ಯ ಬಂದು ದಶಕಗಳು ಕಳೆದ ಮೇಲೂ ಕಸ್ಟಮ್ಸ್ ಪಟ್ಟಿಯಲ್ಲಿ ಆ ಹೆಸರು ಉಳಿದಿದೆ.

ನಿಷೇಧದಿಂದ ಹೆಸರಿನ ಭಯ ಕಡಿಮೆಯಾಗಲಿಲ್ಲ. ಮನೆಯ ಮೇಲೆ ಎಲ್ಲಿಂದಲೋ ಕಲ್ಲು ಬಿದ್ದರೆ ‘ಡಿ ಲಾರೆನ್ಸ್’ ಹತ್ತಿದ್ದಾನೆ ಎನ್ನುವುದುಂಟು. ತರಿಸಿಕೊಂಡ ವಸ್ತುವಿಗೆ ಹಣ ಕಳಿಸದವರ ಮೇಲೆ ಹೀಗೆ ಕಲ್ಲು ಬೀಳುತ್ತದೆ ಎಂಬ ನಂಬಿಕೆಯೂ ಇದೆ. ವ್ಯಾಪಾರಿಯೊಬ್ಬನ ಬಾಕಿ ವಸೂಲಿಯೇ ದೆವ್ವದ ಕಾಟವಾಗಿ ಮಾರ್ಪಟ್ಟ ಇನ್ನೊಂದು ಉದಾಹರಣೆ ನಮಗೆ ಗೊತ್ತಿಲ್ಲ.

ಪ್ರಶ್ನೆ: ಪುಟ ತಿರುವಿದರೆ ಅಂಚು ಹಪ್ಪಳದಂತೆ ಮುರಿಯುತ್ತಿದೆ. ಲ್ಯಾಮಿನೇಶನ್ ಮಾಡಿಸಲೇ?

ಉತ್ತರ: ಬೇಡವೇ ಬೇಡ, ಸೆಲೋಟೇಪೂ ಬೇಡ. ಆ ಕಾಲದ ಅಗ್ಗದ ಕಾಗದ ಮರದ ತಿರುಳಿನದು. ಅದರಲ್ಲಿ ಆಮ್ಲ ಹುಟ್ಟಿ ನಾರನ್ನು ತುಂಡರಿಸುತ್ತದೆ. ಲ್ಯಾಮಿನೇಶನ್ ಆ ಆಮ್ಲವನ್ನು ಒಳಗೇ ಕೂಡಿಹಾಕುತ್ತದೆ, ಮತ್ತೆ ಬಿಡಿಸಲು ಆಗದು. ಟೇಪಿನ ಅಂಟು ಕಂದಾಗಿ ಕಾಗದಕ್ಕೆ ಇಳಿಯುತ್ತದೆ. ಪುಸ್ತಕವನ್ನು ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಡಿ. ತೇವಾಂಶ ಶೇ 40–50ರಷ್ಟಿದ್ದರೆ ಒಳ್ಳೆಯದು, ಬಿಸಿಲು ತಾಗಬಾರದು. ಓದುವಾಗ 90 ಡಿಗ್ರಿಗಿಂತ ಹೆಚ್ಚು ಬಿಚ್ಚಬೇಡಿ. ಎರಡೂ ರಟ್ಟಿನ ಕೆಳಗೆ ಮಡಿಸಿದ ಬಟ್ಟೆ ಇಟ್ಟು ಆಧಾರ ಕೊಡಿ. ಒಂದು ಸಲ ಎಲ್ಲ ಪುಟಗಳ ಫೋಟೊ ತೆಗೆದಿಟ್ಟುಕೊಂಡರೆ ಮತ್ತೆಮತ್ತೆ ತಿರುವುವ ಕೆಲಸವಿಲ್ಲ. ಉದುರಿದ ಚೂರುಗಳನ್ನು ಬಿಸಾಡಬೇಡಿ, ಪುಟಸಂಖ್ಯೆ ಬರೆದ ಲಕೋಟೆಯಲ್ಲಿ ಹಾಕಿಡಿ.