ಟೆಂಪ್ಲೇಟ್ ತೆಗೆದುಹಾಕಿದ್ದಾರೆ, ಯಜಮಾನರ ಹೆಸರಲ್ಲಿ ಅಕೌಂಟ್ ತೆರೆಯಲಾ?

ಪ್ರಶ್ನೆ: ಮೇಡಂ, ನಮ್ಮೂರು ತಿಪಟೂರು. ಮದುವೆ, ನಾಮಕರಣ, ಗೃಹಪ್ರವೇಶದ ಕನ್ನಡ ಆಮಂತ್ರಣದ ಟೆಂಪ್ಲೇಟ್ (ಹೆಸರು, ತಾರೀಖು ತುಂಬಿಕೊಳ್ಳುವ ಮಾದರಿ) ಮಾಡಿ ಒಂದು ವಿದೇಶಿ ಸೈಟ್‌ನಲ್ಲಿ ಎರಡು ವರ್ಷದಿಂದ ಮಾರುತ್ತಿದ್ದೇನೆ. ಹೊರದೇಶದಲ್ಲಿರುವ ಕನ್ನಡಿಗರೇ ಜಾಸ್ತಿ ಕೊಳ್ಳುವುದು. ಹೋದ ತಿಂಗಳು ನಿಯಮ ಬದಲಾಗಿದೆ ಅಂತ ಮೇಲ್ ಬಂತು, ಮುಂದಿನ ವಾರವೇ 11 ಟೆಂಪ್ಲೇಟ್ ತೆಗೆದುಹಾಕಿದರು. ಕಮಿಷನ್ ಕೂಡ ಏರಿಸಿದ್ದಾರೆ. ನಮ್ಮ ಯಜಮಾನರ ಹೆಸರಲ್ಲಿ ಇನ್ನೊಂದು ಅಕೌಂಟ್ ತೆರೆದು ಅವನ್ನೇ ಹಾಕಲಾ? ಇಲ್ಲಾ ಎಲ್ಲ ಬಿಟ್ಟುಬಿಡಲಾ?
– ಹೆಸರು ಬೇಡ, ತಿಪಟೂರು

ಉತ್ತರ: ಬಿಡಬೇಡಿ. ಯಜಮಾನರ ಹೆಸರಲ್ಲಿ ಅಕೌಂಟಂತೂ ಬೇಡವೇ ಬೇಡ. ಅದೇ ಮನೆ ವಿಳಾಸ, ಅದೇ ಕಂಪ್ಯೂಟರ್, ಅದೇ ಇಂಟರ್ನೆಟ್, ಅದೇ ಫೈಲು, ಇಷ್ಟಿದ್ದರೆ ಎರಡೂ ಒಂದೇ ಮನೆಯವು ಅಂತ ಅವರಿಗೆ ಗೊತ್ತಾಗುತ್ತದೆ, ಆಮೇಲೆ ಈಗ ಉಳಿದಿರುವ ಅಂಗಡಿಯೂ ಹೋಗಬಹುದು.

ಆ ಮೇಲ್ ಇನ್ನೊಮ್ಮೆ ಓದಿ. ಯಾವ ನಿಯಮದ ಹೆಸರು ಹೇಳಿ ತೆಗೆದಿದ್ದಾರೆ ಅಂತ ನೋಡಿ. ನನಗೆ ಮೊದಲು ಅನುಮಾನ ಬರುವುದು ಫಾಂಟ್ ಮೇಲೆ. ನಮ್ಮ ಕಡೆ ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಕನ್ನಡ ಫಾಂಟನ್ನೇ ವರ್ಷಗಟ್ಟಲೆ ಬಳಸುತ್ತೇವೆ, ಅಲ್ವಾ? ಲೈಸೆನ್ಸ್ ತೋರಿಸಿ ಅಂದರೆ ನಮ್ಮ ಹತ್ತಿರ ಏನೂ ಇರುವುದಿಲ್ಲ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಟಿರೋ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಓಪನ್ ಫಾಂಟ್ ಲೈಸೆನ್ಸ್ ಸಮೇತ ಪುಕ್ಕಟೆ ಸಿಗುತ್ತವೆ. ಇವುಗಳಲ್ಲಿ ಮಾಡಿದ ಆಮಂತ್ರಣವನ್ನು ಧೈರ್ಯವಾಗಿ ಮಾರಬಹುದು, ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ ಅಷ್ಟೇ. ಕ್ಯಾನ್ವಾ ಅನ್ನುವ ಡಿಸೈನ್ ಸೈಟಿನ ಬಾಳೆಕಂಬ, ಗಣಪತಿ ಚಿತ್ರಗಳನ್ನು ಇದ್ದ ಹಾಗೇ ಎತ್ತಿ ಮಾರುವುದೂ ತಪ್ಪು. ಎಐನಿಂದ ಚಿತ್ರ ಬರೆಸಿದ್ದರೆ ಮುಚ್ಚಿಡಬೇಡಿ. ಇಂಥವನ್ನು ಮಾರುವ ವಿದೇಶಿ ಸೈಟ್ ಎಟ್ಸಿ 2024ರ ಜುಲೈನಿಂದ ಅದನ್ನು ವಿವರಣೆಯಲ್ಲಿ ಹೇಳಲೇಬೇಕು ಅನ್ನುತ್ತದೆ, ಅಮೆಜಾನ್‌ನ ಪುಸ್ತಕ ಪ್ರಕಟಣೆ ಸೈಟ್ ಕೆಡಿಪಿ 2023ರ ಸೆಪ್ಟೆಂಬರ್‌ನಿಂದಲೇ ಇ-ಪುಸ್ತಕ ಹಾಕುವವರನ್ನು ಕೇಳುತ್ತಿದೆ. ತಪ್ಪು ಸಿಕ್ಕಿದರೆ ಸರಿಮಾಡಿ, ಏನು ಬದಲಿಸಿದೆ ಅಂತ ನಾಲ್ಕು ಸಾಲಿನಲ್ಲಿ ಬರೆದು, ಲೈಸೆನ್ಸ್ ಜೊತೆಗಿಟ್ಟು ಅಪೀಲ್ ಹಾಕಿ. ಸಿಟ್ಟಿನ ಮಾತು ಒಂದೂ ಬೇಡ.

ಕಮಿಷನ್ ವಿಷಯಕ್ಕೆ ನಿಮಗೆ ಬೇಜಾರಾಗಿದ್ದು ನ್ಯಾಯವೇ. ಎಟ್ಸಿ 2022ರ ಏಪ್ರಿಲ್‌ನಲ್ಲಿ ಶೇ 5 ಇದ್ದದ್ದನ್ನು ಶೇ 6.5 ಮಾಡಿತು, ಅಂಥದೇ ಇನ್ನೊಂದು ಸೈಟ್ ಗಮ್‌ರೋಡ್ 2023ರಿಂದ ಎಲ್ಲರಿಗೂ ಶೇ 10 ಅಂದಿತು, ಮಾರುವವರನ್ನು ಯಾರೂ ಕೇಳಲಿಲ್ಲ. ನಾವು ಬದಲಿಸಬಹುದಾದದ್ದು ನಮ್ಮ ಬೆಲೆಯನ್ನು. ಶೇಕಡಾ ಲೆಕ್ಕದ ಜೊತೆಗೆ ಪ್ರತಿ ಮಾರಾಟಕ್ಕೂ ಇಂತಿಷ್ಟು ಅಂತ ಹಿಡಿಯುವ ಚಿಲ್ಲರೆ ಇರುತ್ತದೆ, ಅಗ್ಗದ ಮಾಲಿಗೆ ಅದೇ ದೊಡ್ಡ ಪೆಟ್ಟು. ಹಾಗಾಗಿ ಎರಡು ಡಾಲರ್‌ಗೆ ಒಂದೊಂದೇ ಮಾರಬೇಡಿ. ಚಪ್ಪರ, ಅರಿಶಿನ ಶಾಸ್ತ್ರ, ಮುಹೂರ್ತ, ಆರತಕ್ಷತೆ ನಾಲ್ಕನ್ನೂ ಒಂದೇ ಬಣ್ಣ, ಒಂದೇ ಅಂಚಿನಲ್ಲಿ ಮಾಡಿ ಸೆಟ್ಟಾಗಿ ಮಾರಿ. ಕೊಳ್ಳುವವರಿಗೂ ಅದೇ ಬೇಕು.

ನಿಮ್ಮೂರಿನವರು ಕೊಬ್ಬರಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಜೋಪಾನ ಮಾಡುತ್ತಾರಲ್ಲ, ಮೂಲ ಫೈಲುಗಳನ್ನೂ ಹಾಗೇ ಮನೆಯಲ್ಲಿ ಇಟ್ಟುಕೊಳ್ಳಿ. ಒಂದು ಸೈಟು ಮುಚ್ಚಿದಾಗ ನಾನು ಮಾಡಿದ್ದ ಮಕ್ಕಳ ಕ್ಯಾಲೆಂಡರ್ ಪೂರ್ತಿ ಹೋಯಿತು, ಬೇರೆ ಪ್ರತಿ ಇರಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಫೈಲಿನ ಜೊತೆ ಲೈಸೆನ್ಸ್ ಪುಟದ ಸ್ಕ್ರೀನ್‌ಶಾಟ್ ಇರಲಿ, ತಾರೀಖು ಕಾಣಬೇಕು.

ಒಂದೇ ಸೈಟ್ ನಂಬಿಕೊಂಡು ಕೂರುವುದೂ ಬೇಡ. ಇಲ್ಲಿನ ಗಿರಾಕಿಗಳಿಗೆ ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡಿ, ದುಡ್ಡು ಯುಪಿಐನಲ್ಲಿ ತಗೊಳ್ಳಿ. ತಿಪಟೂರು, ತುಮಕೂರಿನ ಪ್ರಿಂಟಿಂಗ್ ಪ್ರೆಸ್‌ಗಳಿಗೆ ನಿಮ್ಮ ಮಾದರಿ ತೋರಿಸಿ, ಈಗ ಅಚ್ಚಿಗೆ ಕೊಡುವವರೂ ವಾಟ್ಸಾಪ್‌ಗೊಂದು ಪ್ರತಿ ಕೇಳುತ್ತಾರೆ. ಸೈಟಿನಿಂದ ಬಂದ ಗಿರಾಕಿಗಳ ಇಮೇಲ್ ತೆಗೆದು ಜಾಹೀರಾತು ಮಾತ್ರ ಕಳಿಸಬೇಡಿ, ಅದಕ್ಕೂ ಅಂಗಡಿ ಮುಚ್ಚಿಸುತ್ತಾರೆ.

ಆಷಾಢದಲ್ಲಿ ಹೇಗೂ ಮದುವೆ ಇರುವುದಿಲ್ಲ. ಎಲ್ಲ ಫೈಲಿನ ಫಾಂಟ್, ಚಿತ್ರ ಆಗ ಪರೀಕ್ಷೆ ಮಾಡಿ, ಶ್ರಾವಣಕ್ಕೆ ಹೊಸ ಸೆಟ್ ತಯಾರಿರಲಿ. ಆ 11ರ ಕೆಲಸಕ್ಕೆ ಮಾತ್ರ ಆಷಾಢದವರೆಗೆ ಕಾಯಬೇಡಿ, ಅಪೀಲಿಗೆ ಕೊನೆಯ ದಿನ ಯಾವಾಗ ಅಂತ ಇವತ್ತೇ ನೋಡಿ.