ಸೇತುವೆ ಬಂದರೆ ಬಸ್ಸಿಳಿಯುತ್ತಿದ್ದ ಹುಡುಗಿ

‘ಕಾಲೇಜ್ ಬಿಡ್ತೀನಂತ ಕುಂತಾಳ್ರಿ ಮೇಡಂ, ನೀವರ ಒಂದ್ ಮಾತು ಹೇಳ್ರಿ’ ಎನ್ನುತ್ತಾ ತಾಯಿ ಅವಳನ್ನು ಆಪ್ತಸಲಹೆಗೆಂದು ನನ್ನ ಬಳಿ ಕರೆತಂದಿದ್ದರು. ಬಿ.ಎ. ಎರಡನೇ ವರ್ಷ. ಮನೆ ತುಂಗಭದ್ರೆಯ ಬಳ್ಳಾರಿ ಕಡೆಯ ದಡದಲ್ಲಿ, ಕಾಲೇಜು ಹೊಳೆಯಾಚೆ ಗಂಗಾವತಿಯಲ್ಲಿ. ಕಂಪ್ಲಿ ಸೇತುವೆ ದಾಟಿ ಓದಲು ಹೋಗುವ ಮಕ್ಕಳು ಬಹಳ ಇದ್ದಾರೆ, ಇಷ್ಟು ಬರೆದರೆ ಗುರುತು ಸಿಗುವುದಿಲ್ಲ. ಉಳಿದ ವಿವರಗಳನ್ನು ಬದಲಿಸಿದ್ದೇನೆ, ಅವಳ ಒಪ್ಪಿಗೆಯೂ ಇದೆ.

2019ರ ಆಗಸ್ಟ್ ಈ ಕಡೆಯವರಿಗೆ ನೆನಪಿರುತ್ತದೆ. ಮಲೆನಾಡಿನ ಮಳೆಗೆ ತುಂಗಭದ್ರಾ ಡ್ಯಾಮು ತುಂಬಿ ಎರಡು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟರು, ಕಂಪ್ಲಿ ಸೇತುವೆ ಮುಳುಗಿತು, ಹಂಪಿ ಬಳಿಯ ನಡುಗಡ್ಡೆ ವಿರುಪಾಪುರಗಡ್ಡಿಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ಕರೆತರಲು ಹೆಲಿಕಾಪ್ಟರ್ ಬಂತು. ನಮ್ಮಲ್ಲಿ ದೊಡ್ಡ ಮಳೆ ಆಗದಿದ್ದರೂ ಹೊಳೆ ಮನೆಗೆ ಬರುತ್ತದೆ. ಮೊದಲು ಬರುವುದು ಎಚ್ಚರಿಕೆ ಸಾರುವ, ಮೈಕ್ ಕಟ್ಟಿದ ಆಟೋ. ಅವಳ ಓಣಿಗೂ ಬೆಳಗಿನ ಜಾವ ಅದೇ ಬಂತು. ಅಪ್ಪ ಅಕ್ಕಿ ಚೀಲ, ಗ್ಯಾಸ್ ಸಿಲಿಂಡರ್ ಎತ್ತಿ ಅಟ್ಟಕ್ಕೆ ಹಾಕಿದರು. ಇವಳು ಅಜ್ಜಿಯ ಕೈ ಹಿಡಿದು ಹೊರಟಳು. ಕಾಟಿನ ಕೆಳಗಿನ ಟ್ರಂಕು ಯಾರಿಗೂ ನೆನಪಾಗಲಿಲ್ಲ. ಗಂಜಿ ಕೇಂದ್ರದಿಂದ ಮರಳಿ ಬಂದು ತೆಗೆದಾಗ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಪ್ಲಾಸ್ಟಿಕ್ ಕವರಿನೊಳಗೇ ಕೆಸರು ಕುಡಿದು ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಹೆಸರು ಕವರಿಗೆ ಬಂತು, ಕಾಗದ ಕೈಯಲ್ಲಿ ಉಳಿಯಿತು. ಆ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ಅವಳೊಬ್ಬಳೇ.

ನನ್ನ ಬಳಿ ಬಂದದ್ದು ನವೆಂಬರ್‌ನಲ್ಲಿ. ಅಷ್ಟರಲ್ಲಿ ಕಸದ ಆಟೋ ಮೈಕ್ ಕೇಳಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಕಾಲೇಜಿಗೆಂದು ಬಸ್ ಹತ್ತುವಳು, ಸೇತುವೆ ಹತ್ತಿರ ಬರುತ್ತಿದ್ದಂತೆ ಹೊಟ್ಟೆನೋವೆಂದು ಇಳಿದುಬಿಡುವಳು. ರಾತ್ರಿ ಮೊಬೈಲಿನಲ್ಲಿ ಡ್ಯಾಮಿನ ಮಟ್ಟ ನೋಡುತ್ತಾ ಕೂರುವಳು. ಹಾಜರಾತಿ ಕಡಿಮೆಯಾಗಿ ಕಾಲೇಜಿನಿಂದ ನೋಟಿಸ್ ಬಂದಿತ್ತು.

ಯಾರಿಗಾದರೂ ಹೇಳಿದೆಯಾ ಎಂದೆ. ‘ಬಾಜೂ ಮನಿಯವ್ರದು ಗ್ವಾಡಿನೇ ಬಿದ್ದೈತ್ರಿ. ನಮ್ಮನಿ ನಿಂತೈತಿ. ಅವ್ರ ಮುಂದ ನಾ ಅತ್ರ ಏನಂತಾರ್ರಿ?’

ಈ ಮಾತನ್ನು ನೆರೆ ಕಂಡ ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಕೇಳಿದ್ದೇನೆ. ಪರಿಹಾರದ ಪಟ್ಟಿಯಲ್ಲಿ ಬಿದ್ದ ಗೋಡೆಗೆ, ಸತ್ತ ಎಮ್ಮೆಗೆ ಜಾಗವಿದೆ. ತೊಯ್ದ ನೋಟ್ಸಿಗೆ, ನಿಂತುಹೋದ ಓದಿಗೆ ಇಲ್ಲ. ಹಾಗಾಗಿ ತಮ್ಮದು ನಷ್ಟವೇ ಅಲ್ಲವೆಂದು ಮಕ್ಕಳು ನಂಬಿಬಿಡುತ್ತಾರೆ, ದೊಡ್ಡವರೂ ‘ಜೀವ ಉಳೀತಲ್ಲ’ ಎಂದು ಬಾಯಿ ಮುಚ್ಚಿಸುತ್ತಾರೆ. ನಾನು ಅವಳಿಗೆ ಹೇಳಿದೆ: ‘ಅವರ ಗೋಡೆ ಬಿದ್ದದ್ದೂ ನಿಜ, ನಿನ್ನ ಓದು ನಿಂತದ್ದೂ ನಿಜ. ಇಲ್ಲಿ ಅಳಬಹುದವ್ವಾ.’ ಅತ್ತಳು. ಆ ದಿನ ನೀರಿನ ಕಥೆಯನ್ನು ನಾನು ಕೆದಕಲಿಲ್ಲ. ಆಘಾತವನ್ನು ಬಿಡದೆ ಹೇಳಿಸಿದರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ಜನರಲ್ಲಿದೆ, ಒತ್ತಾಯಕ್ಕೆ ಹೇಳಿಸಿದ್ದು ಗಾಯ ಮಾಯಿಸುವುದಿಲ್ಲ.

ಮೊದಲು ಮಾರ್ಕ್ಸ್ ಕಾರ್ಡಿನ ಕೆಲಸ ಹಿಡಿದೆವು. ಇದು ಆಪ್ತಸಲಹೆಯ ಕೆಲಸವೇ ಎಂದು ಕೆಲವರು ಕೇಳುತ್ತಾರೆ. ನನ್ನ ಮಟ್ಟಿಗೆ ಹೌದು. ಠಾಣೆಯಲ್ಲಿ ಒಂದು ಅರ್ಜಿ, ನೋಟರಿಯ ಅಫಿಡವಿಟ್, ಓದಿದ ಹೈಸ್ಕೂಲಿನ ಮೂಲಕ ಬೋರ್ಡಿಗೆ ನಕಲು ಪ್ರತಿಗೆ ಮನವಿ. ಅರ್ಜಿಯನ್ನು ಅವಳೇ ಬರೆದಳು, ಠಾಣೆಗೆ ಅಪ್ಪ ಜೊತೆಗೆ ಹೋದರು. ‘ಈ ವರ್ಷ ಬಿಡ್ಲಿ, ಮನಿ ರಿಪೇರಿ ಐತಿ’ ಎನ್ನುತ್ತಿದ್ದ ಅಪ್ಪ ಅಲ್ಲಿಂದ ಬಂದ ಮೇಲೆ ಆ ಮಾತು ಆಡಲಿಲ್ಲ. (ತೊಯ್ದ ಕಾಗದವಿದ್ದರೆ ಬಿಸಿಲಿಗೆ ಹಾಕಬೇಡಿ, ಪತ್ರಿಕೆಯ ಹಾಳೆಗಳ ನಡುವೆ ನೆರಳಲ್ಲಿ ಒಣಗಿಸಿ.)

ಆಮೇಲೆ ಬಸ್ಸು. ಸೇತುವೆ ಬಂದಾಗ ಇಳಿದರೆ ಎದೆಬಡಿತ ತಕ್ಷಣ ಇಳಿಯುತ್ತದೆ, ಆ ನಿರಾಳವೇ ಭಯಕ್ಕೆ ಹಾಕುವ ಮೇವು. ಇಳಿದದ್ದರಿಂದಲೇ ಬದುಕಿದೆ ಎಂದು ಮೈ ಕಲಿತುಬಿಡುತ್ತದೆ. ಇದನ್ನು ಅವಳಿಗೆ ಬಿಡಿಸಿ ಹೇಳಿದಾಗ ಚೆನ್ನಾಗಿ ಅರ್ಥವಾಯಿತು. ಹೊಳೆ ಇಳಿದ ಕಾಲ, ಸಂಚಾರ ತೆರೆದಿತ್ತು. ಗೆಳತಿಯ ಜೊತೆ ಮೊದಲು ದಡದಲ್ಲಿ ನಿಲ್ಲುವುದು, ಭಯ ಏರಿ ತಾನಾಗಿ ಇಳಿಯುವವರೆಗೆ ಅಲ್ಲೇ ಇರುವುದು. ಉಸಿರು ನಿಧಾನಕ್ಕೆ ಒಳಗೆ, ಅದಕ್ಕಿಂತ ನಿಧಾನಕ್ಕೆ ಹೊರಗೆ. ಮುಂದೆ ಸೇತುವೆಯ ಮೇಲೆ ಸ್ವಲ್ಪ ದೂರ ನಡಿಗೆ, ಅದು ಪಳಗಿದ ಮೇಲೆ ಗೆಳತಿಯ ಜೊತೆ ಬಸ್ಸು, ಕಡೆಗೆ ಒಬ್ಬಳೇ. ಕೆಲವು ದಿನ ಹಿಂದಕ್ಕೂ ಬಿದ್ದಳು. ತುಂಬಿದ ಹೊಳೆಯ ಎದುರು ಇದನ್ನು ಮಾಡಬಾರದು, ಆಗಿನ ಭಯ ಸರಿಯಾದ ಭಯ, ಕೇಳಲೇಬೇಕಾದದ್ದು.

ಡ್ಯಾಮಿನ ಮಟ್ಟ ನೋಡುವುದನ್ನು ಪೂರ್ತಿ ಬಿಡಿಸಲಿಲ್ಲ. ಹೊಳೆದಂಡೆಯಲ್ಲಿ ಇರುವವರು ತಿಳಿದಿರಲೇಬೇಕು. ಮಳೆಗಾಲದಲ್ಲಿ ದಿನಕ್ಕೊಮ್ಮೆ, ಹಗಲು ಹೊತ್ತಿನಲ್ಲಿ, ಅಧಿಕೃತ ಮಾಹಿತಿ ಮಾತ್ರ ಎಂದು ಗೊತ್ತುಮಾಡಿಕೊಂಡೆವು. ದಾಖಲೆಗಳೆಲ್ಲ ಒಂದೇ ಚೀಲದಲ್ಲಿ ಬಾಗಿಲ ಪಕ್ಕ, ಅವುಗಳ ಫೋಟೋ ಅಣ್ಣನ ಮೊಬೈಲಿನಲ್ಲಿ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋದಾಗ ನನಗೆ ಅವಳ ನೆನಪಾಗಿತ್ತು. ಮರುದಿನ ಅವಳೇ ಫೋನ್ ಮಾಡಿದಳು. ಕೈ ನಡುಗುತ್ತಿದೆ, ರಾತ್ರಿ ನಿದ್ದೆಯಿಲ್ಲ, ಆದರೆ ಅಜ್ಜಿಯನ್ನು ಸಂಬಂಧಿಕರ ಮನೆಗೆ ಕಳಿಸಿದ್ದಾಗಿದೆ, ಚೀಲ ಹೊರಗಿದೆ ಎಂದಳು. ಇಂಥ ಸುದ್ದಿಗೆ ನಿದ್ದೆ ಹೋಗುವುದು ಹಳೆಯ ಕಾಯಿಲೆ ಮರಳಿದ್ದಲ್ಲ, ವಾರಗಟ್ಟಲೆ ಉಳಿದರೆ ಬಾ ಎಂದೆ. ಬರಬೇಕಾಗಲಿಲ್ಲ.

ನೆರೆಯ ನಂತರ ಮೊದಲ ಕೆಲವು ವಾರ ನಿದ್ದೆ ಕೆಡುವುದು, ಬೆಚ್ಚಿಬೀಳುವುದು ಸಹಜ, ಹೆಚ್ಚಿನವರು ತಾವಾಗಿ ಸುಧಾರಿಸುತ್ತಾರೆ. ತಿಂಗಳು ದಾಟಿದರೂ ಕೆಟ್ಟ ಕನಸು ಬಿಡದಿದ್ದರೆ, ಓದು ಊಟ ನಿಂತಿದ್ದರೆ, ಕುಡಿತ ಶುರುವಾಗಿದ್ದರೆ ಮನೋವೈದ್ಯರನ್ನು ಕಾಣಿಸಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಯ ಆಸ್ಪತ್ರೆಗೆ ತರುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲೇ ನಡೆಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆದದ್ದು ಅದರಿಂದ. ಇಲ್ಲಿಯವರು ಇದಕ್ಕೆ ನಾಚಬೇಕಿಲ್ಲ. ಆಸ್ಪತ್ರೆ ದೂರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.